ಗಿರಿಜಕ್ಕನ ಕರಡಿಗೆ

ಬೆಳ್ಳಿಯ ಕರಡಿಗೆಯ ಮುಚ್ಚಳ ಕೂರುವಾಗ ಟಕ್ ಎಂದು ಒಂದು ಸಣ್ಣ ಸದ್ದಾಗುತ್ತದೆ. ಇಷ್ಟಲಿಂಗವನ್ನು ಒಳಗಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಪುಟ್ಟ ಡಬ್ಬಿ ಅದು. ಕಟ್ಟಿಕೊಂಡವರ ಮನೆಯಲ್ಲಿ ಬೆಳೆದವರಿಗೆ ಆ ಸದ್ದು ಚೆನ್ನಾಗಿ ಗೊತ್ತು. ಮೊನ್ನೆ ನನ್ನ ಏಳು ವರ್ಷದ ಮಗಳು ಬೀರುವಿನಲ್ಲಿದ್ದ ಅಂಥದ್ದೊಂದು ಖಾಲಿ ಕರಡಿಗೆಯನ್ನು ಹುಡುಕಿ ತೆಗೆದು ಟೀವಿಯ ಮುಂದೆ ನಿಂತಿದ್ದಳು. ಟೀವಿಯಲ್ಲಿ ನೀಲಿ ಕೂದಲಿನ ಹುಡುಗಿಯೊಬ್ಬಳು ಕೊರಳ ಪದಕ ತೆರೆದು, ಬೆಳಕಿನಲ್ಲಿ ಗಿರ್ರನೆ ತಿರುಗಿ, ಬೇರೆಯೇ ಉಡುಪಿನಲ್ಲಿ ಇಳಿದು ನಿಂತಳು. ಮಗಳೂ ಕರಡಿಗೆ ತೆರೆದಳು, ತಿರುಗಿದಳು, ಮುಚ್ಚಿದಳು. ಟಕ್. ಅದರೊಳಗಿನ ಹಳೆಯ ವಿಭೂತಿಯ ವಾಸನೆ ಅಡುಗೆಮನೆಯವರೆಗೆ ಬರುವಂಥದ್ದಲ್ಲ. ನನಗೆ ಮಾತ್ರ ಬಂತು. ಒಗ್ಗರಣೆಯ ಸೌಟು ಹಿಡಿದ ಕೈ ಅಲ್ಲೇ ನಿಂತು ಸಾಸಿವೆಯೆಲ್ಲ ಸೀದುಹೋಯಿತು.

ಆ ಕರಡಿಗೆ ಗಿರಿಜಕ್ಕನದು. ಅವಳು ನನ್ನ ದೊಡ್ಡಪ್ಪನ ಮಗಳು, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ನಗರ್ತಪೇಟೆಯ ಒಂದು ಇಕ್ಕಟ್ಟಾದ ಗಲ್ಲಿಯಲ್ಲಿ ಕೆಳಗೆ ನಮ್ಮ ಗ್ರಂಧಿಗೆ ಅಂಗಡಿ, ಮೇಲೆ ಮನೆ. ಲಾವಂಚ, ಬಜೆ, ಸಾಂಬ್ರಾಣಿ, ಒಣಶುಂಠಿ ಎಲ್ಲದರ ವಾಸನೆ ಮೆಟ್ಟಿಲು ಹತ್ತಿಕೊಂಡು ಬಂದು ನಮ್ಮ ಹಾಸಿಗೆಯಲ್ಲೂ ಯೂನಿಫಾರ್ಮಿನಲ್ಲೂ ಸೇರಿಕೊಳ್ಳುತ್ತಿತ್ತು. 'ಪೂಜೆ ಸಾಮಾನು ಬಂತು ನೋಡ್ರೇ' ಎಂದು ಸ್ಕೂಲಿನ ಹುಡುಗಿಯರು ನಗುತ್ತಿದ್ದರು. ಇಪ್ಪತ್ತೆಂಟು ಕಲ್ಲಿನ ಮೆಟ್ಟಿಲು, ಕಡಿದಾಗಿದ್ದವು, ಹಿಡಿದುಕೊಳ್ಳಲು ಒಂದು ಹಗ್ಗ. ಮೇಲೆ ಹತ್ತಿದರೆ ದೊಡ್ಡ ಹಜಾರ. ಊಟ, ಪಾಠ, ಜಗಳ, ಟೀವಿ ಎಲ್ಲವೂ ಅಲ್ಲೇ. ಅಜ್ಜಿ, ದೊಡ್ಡಪ್ಪ, ದೊಡ್ಡಮ್ಮ, ನಮ್ಮಪ್ಪ, ಅಮ್ಮ, ನಾವಿಬ್ಬರು ಹುಡುಗಿಯರು. ಈಗ ಆ ಜಾಗದಲ್ಲಿ ನಾಲ್ಕು ಮಾಳಿಗೆಯ ಮಳಿಗೆ ಎದ್ದಿದೆ, ಪ್ಲಾಸ್ಟಿಕ್ ಡಬ್ಬಿ ಮಾರುತ್ತಾರೆ. ಅದರ ಮುಂದೆ ಹೋದಾಗಲೆಲ್ಲ ನಾನು ತಲೆ ತಗ್ಗಿಸಿಕೊಂಡು ನಡೆಯುತ್ತೇನೆ.

ಸ್ಕೂಲಿನಿಂದ ಬಂದ ಕೂಡಲೇ ಟೀವಿಯಲ್ಲಿ ಒಂದು ಕಾರ್ಟೂನ್ ಬರುತ್ತಿತ್ತು. ಸಾಧಾರಣ ಹುಡುಗಿ, ಕೊರಳಲ್ಲಿ ಒಂದು ಪದಕ, ಯಾರಿಗಾದರೂ ಕಷ್ಟ ಬಂದರೆ ಅವಳಿಗೆ ಶಕ್ತಿ ಬರುವುದು. ಮಾತೆಲ್ಲ ಹಿಂದಿ. ನನಗೆ ಹಿಂದಿ ಅರ್ಧಂಬರ್ಧ. ತಿಳಿಯದ ಅರ್ಧವನ್ನು ಗಿರಿಜಕ್ಕ ತುಂಬಿಸುತ್ತಿದ್ದಳು. ಹಾಗಾಗಿ ಆ ಶಕ್ತಿಯ ಕಟ್ಟಳೆಗಳೆಲ್ಲ ನನಗೆ ಅವಳ ಬಾಯಿಂದಲೇ ಬಂದವು. ಹಿರಿಯರು ಕೊಟ್ಟ ವಸ್ತು ಮೈಮೇಲಿರಬೇಕು. ಶಕ್ತಿಯನ್ನು ತನಗಾಗಿ ಬಳಸಬಾರದು. ಬಳಸಿದ ಮೇಲೆ ಸುಸ್ತಾಗಿ ಬೀಳುತ್ತಾರೆ, ಆಮೇಲೆ ಏಳುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಯಾರಿಗೂ ಹೇಳಬಾರದು. 'ಹೇಳಿದ್ರೆ ಎಲ್ಲಾ ಹೋಗ್ಬಿಡುತ್ತೆ' ಎನ್ನುತ್ತಿದ್ದಳು. ಆ ಮಾತು ಹೇಳುವಾಗ ಮಾತ್ರ ಅವಳ ಮುಖದಲ್ಲಿ ಆಟ ಇರುತ್ತಿರಲಿಲ್ಲ.

ನನಗೆ ಎಂಟು ತುಂಬಿದ್ದ ಆ ವರ್ಷವೇ ಲಿಂಗದೀಕ್ಷೆಯಾಗಿತ್ತು. 'ಇದು ನಿನ್ನ ಪ್ರಾಣ, ಮೈಮೇಲಿಂದ ಇಳೀಬಾರ್ದು' ಎಂದು ಅಜ್ಜಿ ಕರಡಿಗೆ ಕಟ್ಟಿದ್ದಳು. ಇನ್ನೇನು ಬೇಕು? ಪದಕ ಸಿಕ್ಕಿತಲ್ಲ ಎಂದು ನಾನು ಕುಣಿದೆ. ಆದರೆ ನನ್ನ ಕರಡಿಗೆ ಕೊರಳಲ್ಲಿ ಸುಮ್ಮನೆ ಜೋತಾಡುತ್ತಿತ್ತು. ಗಿರಿಜಕ್ಕನದು ಹಾಗಲ್ಲ. ಒಂದು ಸಂಜೆ ಕೆಳಗಿನಿಂದ ಬಿಂದಿಗೆ ಹೊತ್ತು ತಂದವಳು ಮೇಲಿನ ಮೆಟ್ಟಿಲಲ್ಲಿ ಕುಳಿತು, 'ಉಮಾ, ಇಲ್ನೋಡು' ಎಂದಳು. ಲಂಗದ ರವಿಕೆಯ ಮೇಲೆ ಆ ಬೆಳ್ಳಿಯ ಕರಡಿಗೆ ತನ್ನಷ್ಟಕ್ಕೆ ಕುಪ್ಪಳಿಸುತ್ತಿತ್ತು. ಯಾರೂ ಮುಟ್ಟಿರಲಿಲ್ಲ. ಅವಳು ನನ್ನ ಕೈ ಹಿಡಿದು ಎದೆಯ ಮೇಲಿಟ್ಟುಕೊಂಡಳು. ಒಳಗೆ ಯಾರೋ ಬಾಗಿಲು ಬಡಿಯುತ್ತಿದ್ದ ಹಾಗಿತ್ತು. 'ಬರ್ತಾ ಇದೆ ಅಲ್ವಾ?' ಎಂದು ಕೇಳಿದಳು. 'ಹೂಂ, ಬರ್ತಾ ಇದೆ' ಎಂದೆ. ಕಾರ್ಟೂನಿನ ಹುಡುಗಿಯ ಉಡುಪು ಬಣ್ಣ ಬದಲಾಯಿಸುತ್ತಿತ್ತು, ಗಿರಿಜಕ್ಕನ ಉಗುರುಗಳು ಬಣ್ಣ ಬದಲಾಯಿಸುತ್ತಿದ್ದವು. ತುಟಿಯೂ ಅಷ್ಟೇ, ನೇರಳೆಹಣ್ಣು ತಿಂದವರ ಹಾಗೆ. ನನಗೆ ಎಂಥ ಹೊಟ್ಟೆಕಿಚ್ಚಾಗಿತ್ತೆಂದರೆ, ಬಚ್ಚಲುಮನೆಗೆ ಹೋಗಿ ಉಸಿರು ಕಟ್ಟಿ ನನ್ನ ಉಗುರು ನೋಡಿಕೊಂಡಿದ್ದೆ.

ಆ ಶಕ್ತಿಗೆ ಕೆಲಸವೂ ಇತ್ತು. ದೊಡ್ಡಪ್ಪನಿಗೂ ನಮ್ಮಪ್ಪನಿಗೂ ಆಗಿಬರುತ್ತಿರಲಿಲ್ಲ. ಹಜಾರದ ನಡುವೆ ಗೋಡೆ ಎಬ್ಬಿಸಿ ಮನೆ ಎರಡು ಮಾಡುವ ಮಾತು ದಿನಾ ನಡೆಯುತ್ತಿತ್ತು. 'ಗೋಡೆ ಬಂದ್ರೆ ನೀನು ಆ ಕಡೆ, ನಾನು ಈ ಕಡೆ' ಎಂದು ಗಿರಿಜಕ್ಕ ಅಳುತ್ತಿದ್ದಳು. ಜಗಳ ಶುರುವಾದ ಕೂಡಲೇ ನಾವಿಬ್ಬರೂ ಮೆಟ್ಟಿಲಿಗೆ ಓಡುತ್ತಿದ್ದೆವು. ಅವಳು ಕರಡಿಗೆ ಕುಣಿಯುವವರೆಗೆ ಹತ್ತಿ ಇಳಿದು, ಕಣ್ಣು ಮುಚ್ಚಿ 'ನಿಲ್ಲು' ಎನ್ನುವಳು. ಮೂರು ಸಲ ಜಗಳ ನಿಜವಾಗಿಯೂ ನಿಂತಿತು. ಗಂಡಸರಿಗೂ ಬಾಯಿ ನೋಯುತ್ತದೆ, ಅಂಗಡಿಗೆ ಗಿರಾಕಿ ಬರುತ್ತಾರೆ ಎಂದು ತಿಳಿಯುವ ವಯಸ್ಸು ನನ್ನದಲ್ಲ. ನಿಂತ ಮೇಲೆ ಅವಳು ಮೆಟ್ಟಿಲಿನ ಮೇಲೆಯೇ ಮಲಗಿ ಬಾಯಲ್ಲಿ ಉಸಿರು ಬಿಡುವಳು, ನಾನು ನೋಟ್‌ಬುಕ್ಕಿನಿಂದ ಗಾಳಿ ಹಾಕುವೆ.

ಅಜ್ಜಿಗೆ ಅನುಮಾನ ಬಂದಿತ್ತು. ಗಿರಿಜೆ ಊಟ ಬಿಟ್ಟಿದ್ದಾಳೆ, ಮಂಡಿ ನೋವೆನ್ನುತ್ತಾಳೆ ಎಂದು ಅಂಗಡಿಯಿಂದ ಏನೇನೋ ಬೇರು ತರಿಸಿ ಕಷಾಯ ಕುಡಿಸುತ್ತಿದ್ದಳು. ಒಂದು ಬೆಳಿಗ್ಗೆ ನನ್ನನ್ನು ಪೂಜೆಗೆ ಪಕ್ಕದಲ್ಲಿ ಕೂರಿಸಿಕೊಂಡು, ಲಿಂಗವನ್ನು ನನ್ನ ಎಡಗೈಯಲ್ಲಿಟ್ಟು ವಿಭೂತಿ ಹಚ್ಚಿ, ಮೆಲ್ಲಗೆ ಕೇಳಿದಳು. 'ನೀನು ಯಾವಾಗ್ಲೂ ಅವಳ ಜೊತೇಲೇ ಇರ್ತೀಯ. ಅವಳಿಗೆ ಏದುಸಿರು ಗೀದುಸಿರು ಬರುತ್ತಾ? ಕೈಯಲ್ಲಿ ಲಿಂಗ ಇದೆ, ನಿಜ ಹೇಳು.' ನಾನು ಅಂಗೈ ನೋಡಿದೆ. ಹೇಳಿದರೆ ಅವಳ ಶಕ್ತಿ ಹೋಗುತ್ತದೆ, ಗೋಡೆ ಬರುತ್ತದೆ. 'ಇಲ್ಲ ಅಜ್ಜಿ' ಎಂದೆ. ಅಜ್ಜಿ ನನ್ನ ತಲೆ ಸವರಿ ಪತ್ರೆ ಏರಿಸಿದಳು. ಅಷ್ಟೇ. ನನ್ನ ಬದುಕಿನಲ್ಲಿ ನಾನು ಹೇಳಿದ ಸುಳ್ಳುಗಳಿಗೆ ಲೆಕ್ಕವಿಲ್ಲ, ಬೇರೆ ಯಾವುದೂ ನೆನಪಿನಲ್ಲಿಲ್ಲ.

ಇಟ್ಟಿಗೆ ಬಂದು ಬಿದ್ದ ದಿನ ಶನಿವಾರ. ಮಾರನೆಯ ದಿನ ಗಾರೆಯವರು ಬರುವುದೆಂದು ಗೊತ್ತಾಯಿತು. ಮಧ್ಯಾಹ್ನ ಹೆಂಗಸರೆಲ್ಲ ಒರಗಿದ್ದಾಗ ಗಿರಿಜಕ್ಕ ನನ್ನನ್ನು ಎಬ್ಬಿಸಿದಳು. 'ಇವತ್ತು ಪೂರ್ತಿ ತುಂಬಿಸ್ಬೇಕು. ಇಪ್ಪತ್ತೊಂದು ಸಲ. ನೀನು ಎಣಿಸು.' ನಾನು ಮೇಲಿನ ಮೆಟ್ಟಿಲಲ್ಲಿ ಕುಳಿತು ಎಣಿಸಿದೆ. ಒಂಬತ್ತಕ್ಕೆ ಅವಳು ಹಗ್ಗ ಹಿಡಿದಳು. ಹನ್ನೊಂದಕ್ಕೆ ಕೆಮ್ಮಿದಳು. 'ಸಾಕಾ ಅಕ್ಕ?' ಎಂದೆ, ತಲೆಯಾಡಿಸಿ ಮತ್ತೆ ಇಳಿದಳು. ಹದಿನಾಲ್ಕಕ್ಕೆ ಅರ್ಧ ಹತ್ತಿ ಕುಳಿತಳು, ಗೋಡೆಗೆ ಒರಗಿದಳು. ಕರಡಿಗೆ ಎಂದೂ ಇಲ್ಲದ ಹಾಗೆ ಕುಣಿಯುತ್ತಿತ್ತು. ಬಿದ್ದವರು ಏಳುತ್ತಾರೆ ಎಂದು ಗೊತ್ತಿದ್ದ ನಾನು ಹದಿನೈದು ಎನ್ನಲು ಕಾಯುತ್ತಾ ಕುಳಿತೆ. ಎಷ್ಟು ಹೊತ್ತು ಕಾದೆನೋ. ಕೆಳಗಿನಿಂದ ದೊಡ್ಡಪ್ಪ ಬಂದು ನೋಡಿ ಕೂಗಿಕೊಂಡ.

ಆಸ್ಪತ್ರೆಯಲ್ಲಿ ಡಾಕ್ಟರು, 'ಕೀಲುನೋವಿನ ಜ್ವರ ಬಂದು ಹಾರ್ಟ್ ವಾಲ್ವ್ ಹಾಳಾಗಿದೆ, ಎಷ್ಟೋ ದಿನದಿಂದ ಇದೆ. ಇಷ್ಟು ದಿನ ಏನ್ ಮಾಡ್ತಿದ್ರಿ ನೀವೆಲ್ಲ?' ಎಂದರಂತೆ. ಮೊದಲೇ ತೋರಿಸಿದ್ದರೆ ಉಳಿಯುತ್ತಿದ್ದಳು ಎಂಬುದು ಎಲ್ಲರ ಬಾಯಲ್ಲೂ ಬಂತು. ನಮ್ಮಲ್ಲಿ ತೀರಿಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಹಜಾರದಲ್ಲಿ, ಗೋಡೆ ಬರಬೇಕಿದ್ದ ಜಾಗದಲ್ಲೇ, ಹೂವು ಮುಡಿಸಿ ಅವಳನ್ನು ಕೂರಿಸಿದ್ದರು. ಮಠದ ಅಯ್ಯನವರು ಬಂದು ಲಿಂಗ ತೆಗೆದು ಅಂಗೈಯಲ್ಲಿಡುವವರೆಗೂ ಕರಡಿಗೆ ಎದೆಯ ಮೇಲೆಯೇ ಇತ್ತು. ನಾನು ಎದುರಿಗೆ ಕುಳಿತು ಕಣ್ಣು ಮಿಟುಕಿಸದೆ ಅದನ್ನೇ ನೋಡಿದೆ. ಅದು ಅಲುಗಲಿಲ್ಲ. ಆಗ ನನಗೆ ಅರ್ಥವಾಯಿತು. ಅಜ್ಜಿಯ ಸೆರಗು ಹಿಡಿದೆಳೆದು ಎಲ್ಲವನ್ನೂ ಹೇಳಿದೆ. ಅಜ್ಜಿ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. 'ಈ ಮಾತು ಇಲ್ಲಿಗೇ ಬಿಡು. ನಿಮ್ಮ ದೊಡ್ಡಮ್ಮ ತಡ್ಕೊಳಲ್ಲ.'

ಗೋಡೆ ಏಳಲಿಲ್ಲ. ಇಟ್ಟಿಗೆ ಹಾಗೇ ಬಿದ್ದು ಪಾಚಿ ಕಟ್ಟಿತು. ಜಗಳವಾಡಲು ಯಾರಿಗೂ ಮನಸ್ಸಿರಲಿಲ್ಲ; ಎರಡೇ ವರ್ಷಕ್ಕೆ ಮನೆ, ಅಂಗಡಿ ಎಲ್ಲವನ್ನೂ ಮಾರಿ ಒಬ್ಬೊಬ್ಬರು ಒಂದೊಂದು ದಿಕ್ಕಾದರು. ಅಜ್ಜಿ ನನ್ನ ಗುಟ್ಟನ್ನು ತನ್ನ ಜೊತೆಗೇ ತೆಗೆದುಕೊಂಡು ಹೋದಳು. ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡಮ್ಮ ಕುಮಾರ ಪಾರ್ಕಿನಲ್ಲಿ ತಮ್ಮನ ಮನೆ ಸೇರಿದ್ದಳು. ಎರಡು ತಿಂಗಳ ಕೆಳಗೆ ಹೇಳಿಕಳಿಸಿದಳು. ಹೋದರೆ, ದಿಂಬಿನ ಕೆಳಗಿನಿಂದ ಕರಡಿಗೆ ತೆಗೆದು ನನ್ನ ಕೈಗಿಟ್ಟಳು.

'ಅವಳು ನಂಗೆ ಹೇಳಿದ್ಲು ಕಣೆ ಉಮಾ. ಅಮ್ಮಾ, ಮೆಟ್ಲು ಹತ್ತಿದ್ರೆ ಎದೆ ಹೊಡ್ಕೊಳುತ್ತೆ ಅಂತ. ನಾನೇ, ಯಾರ ಹತ್ರಾನೂ ಬಾಯಿ ಬಿಡ್ಬೇಡ, ಹೇಳಿದ್ರೆ ಎಲ್ಲಾ ಹೋಗ್ಬಿಡುತ್ತೆ ಅಂದೆ. ಹೆಣ್ಣುಮಗು, ನಾಳೆ ಸಂಬಂಧ ನೋಡ್ಬೇಕಲ್ಲ. ಎದೆ ಕಾಯಿಲೆ ಅಂತ ಗೊತ್ತಾದ್ರೆ ಯಾರು ಮಾಡ್ಕೊತಾರೆ? ಹಾಲು ತುಪ್ಪ ತಿಂದ್ರೆ ಸರಿ ಹೋಗುತ್ತೆ ಅಂದ್ಕೊಂಡೆ.'

ನಾನು ಹೇಳಿದೆ: 'ನಂಗೂ ಗೊತ್ತಿತ್ತು ದೊಡ್ಡಮ್ಮ.' ಅವಳು ಬೈಯುತ್ತಾಳೆಂದುಕೊಂಡಿದ್ದೆ, ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ನನ್ನ ಕೈ ಒತ್ತಿ, 'ನಿಂಗಾದ್ರೂ ಹೇಳ್ಕೊಂಡ್ಲಲ್ಲ, ಬಿಡು' ಎಂದಳು. ಹದಿನೈದು ದಿನಕ್ಕೆ ಅವಳೂ ಹೋದಳು.

ಗಿರಿಜಕ್ಕ ಎದೆಯ ಕಾಯಿಲೆಯನ್ನು ಗುಟ್ಟಾಗಿಟ್ಟುಕೊಂಡು ಸತ್ತಳೆಂದೇ ಇಷ್ಟು ವರ್ಷ ನಂಬಿದ್ದೆ. ಅವಳು ಇಬ್ಬರಿಗೆ ಹೇಳಿದ್ದಳು. ಗುಟ್ಟು ಮಾಡಿದವರು ನಾವು.

ಮೊನ್ನೆ ಒಲೆ ಆರಿಸಿ ಮಗಳ ಪಕ್ಕದಲ್ಲಿ ಕುಳಿತು ಇದನ್ನೆಲ್ಲ ಅವಳಿಗೆ ತಿಳಿಯುವಷ್ಟು ಹೇಳಿದೆ. ಅವಳು ಕರಡಿಗೆಯನ್ನು ತಿರುಗಿಸುತ್ತಾ ಕೇಳಿದಳು. 'ನಿಂಗೆ ಗೊತ್ತಿತ್ತಲ್ಲ, ಯಾಕಮ್ಮ ಹೇಳ್ಲಿಲ್ಲ?'

'ಅವಳೇ ಹೇಳ್ಬೇಡ ಅಂದಿದ್ಲು' ಎಂದೆ.

'ಆದ್ರೂ ಹೇಳ್ಬೇಕಿತ್ತು' ಎಂದು ಮಗಳು ಕರಡಿಗೆಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು.