ಊಟದ ಮೇಜಿನ ಅಮೆರಿಕ

ಫ್ಲೋರಿನ್ ಬಾಯಿ ಅಮೆರಿಕವನ್ನು ನಮ್ಮ ಊಟದ ಮೇಜಿನ ಮೇಲೆ ಅಡುಗೆ ಸಾಮಾನಿನಿಂದ ಕಟ್ಟುತ್ತಿದ್ದರು. ಕೆಳಗೆ ಒಂದು ಹಿಡಿ ಅಕ್ಕಿ, ಅದು ಭತ್ತ ಬೆಳೆಯುತ್ತಿದ್ದ ಕ್ಯಾರೊಲಿನಾ ವಸಾಹತು. ಅದರ ಮೇಲೆ, ಹೊಗೆಸೊಪ್ಪಿನ ಬದಲಿಗೆ ಚಹಾಪುಡಿ, ವರ್ಜೀನಿಯಾ. ನಡುವೆ ಗೋಧಿಹಿಟ್ಟಿನ ಪೆನ್ಸಿಲ್ವೇನಿಯಾ. ತುತ್ತತುದಿಯಲ್ಲಿ, ಮೀನು ಒಣಗಿಸಿ ಮಾರುತ್ತಿದ್ದ ಮ್ಯಾಸಚೂಸೆಟ್ಸ್‌ಗೆ, ಅಲ್ ಮೀನಾ ಮಾರುಕಟ್ಟೆಯ ಒಣಮೀನಿನ ಒಂದು ತುಂಡು.

ಗಲ್ಫಿನ ಖಾಲಿದಿಯಾ ಬಡಾವಣೆಯ ನಮ್ಮ ಫ್ಲ್ಯಾಟಿನ ಒಂದು ಕೋಣೆಯಲ್ಲಿ ಅವರು ಬಾಡಿಗೆಗಿದ್ದರು. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು. ಅಮೆರಿಕನ್ ಸಿಲೆಬಸ್ಸಿನ ಶಾಲೆಯೊಂದರಲ್ಲಿ ಚರಿತ್ರೆಯ ಟೀಚರ್. ನಾವು ಉಡುಪಿಯವರು, ಸಸ್ಯಾಹಾರಿಗಳು. ಅಡುಗೆಮನೆ ಒಂದೇ, ಒಲೆಯ ಎಡಬದಿ ಅವರದು, ಬಲಬದಿ ನಮ್ಮದು. ಹುರಿಯುವ ಮೊದಲು ಕಿಟಕಿ ತೆರೆದು, "ಸುಮಾ, ಬಾಗಿಲು ಹಾಕ್ಕೊಳ್ಳಿ, ನನ್ನ ಮೀನು ಹೊರಟಿತು" ಎಂದು ನನಗೆ ಕೂಗಿ ಹೇಳುತ್ತಿದ್ದರು.

ನನ್ನ ಮಗಳು ಅನಘಾಳಿಗೆ ಸಂಜೆ ಪಾಠ. ಅಕ್ಕಿಯ ಮೇಲೆ ಬೆರಳಿಟ್ಟು ಕೇಳುತ್ತಿದ್ದರು, "ಇದನ್ನು ಬೆಳೆದದ್ದು ಯಾರು?"

"ಪ್ಲಾಂಟರ್ಸ್, ಮಿಸ್."

"ಹೌದಾ? ಯಜಮಾನರು ಕೆಸರಿಗೆ ಇಳಿದ್ರಾ? ಆಫ್ರಿಕಾದಿಂದ ಹಿಡಿದು ತಂದವರು ಬೆಳೆದದ್ದು. ಈ ಮೇಜೇ ಯಾರದ್ದು ಹೇಳು. ಮೊದಲೇ ಅಲ್ಲಿ ಇದ್ದವರದ್ದು."

ಅತ್ತೆ ವಿಸಿಟ್ ವೀಸಾದಲ್ಲಿ ಬಂದಾಗ ತೊಡಕಾಯಿತು. ಮೀನಿನ ವಾಸನೆಗೆ ಅವರಿಗೆ ಊಟವೇ ಸೇರಲಿಲ್ಲ. "ಬೇರೆ ಯಾರನ್ನಾದ್ರೂ ಇಟ್ಕೊಳ್ಬಾರ್ದಾ?" ಎಂದು ಮಗನಲ್ಲಿ ಹೇಳಿದ್ದು ಫ್ಲೋರಿನ್ ಬಾಯಿಯ ಕಿವಿಗೂ ಬಿತ್ತು. ಅವರು ಒಣಮೀನಿನ ಡಬ್ಬಿಯನ್ನು ತಮ್ಮ ಕೋಣೆಗೆ ಒಯ್ದರು. ಬೇರೆ ಕೋಣೆ ಹುಡುಕತೊಡಗಿದರು. ಅನಘಾಳ ಪರೀಕ್ಷೆಯವರೆಗಾದರೂ ಇರಿ ಎಂದು ನಾನು ಬೇಡಿಕೊಂಡೆ.

ಅಂದಿನ ಪಾಠದಲ್ಲಿ ಮೇಜಿನ ತುದಿಗೆ ಬರೀ ಒಂದು ಚಿಟಿಕೆ ಉಪ್ಪು. ಅತ್ತೆ ಸೋಫಾದಲ್ಲಿ ಬತ್ತಿ ಹೊಸೆಯುತ್ತಿದ್ದರು.

"ಈ ಮ್ಯಾಸಚೂಸೆಟ್ಸ್‌ನವರು ಇಂಗ್ಲೆಂಡಿನಲ್ಲಿ ತಮ್ಮ ಕ್ರಮದ ಪ್ರಾರ್ಥನೆಗೆ ಬಿಡ್ಲಿಲ್ಲ ಅಂತ ಸಮುದ್ರ ದಾಟಿ ಬಂದ್ರು," ಬಾಯಿ ಹೇಳುತ್ತಿದ್ದರು. "ಬಂದು ಊರು ಕಟ್ಟಿದ ಮೇಲೆ, ಬೇರೆ ಕ್ರಮದವರನ್ನು ತಾವೇ ಓಡಿಸಿದ್ರು."

"ಪಾಪ, ಅವರೆಲ್ಲಿಗೆ ಹೋದ್ರು ಬಾಯಮ್ಮ?" ಅತ್ತೆ ಕೇಳಿದರು.

"ಒಬ್ಬ ಹಿಮದಲ್ಲೇ ನಡೆದು ಹೋದ ಅಮ್ಮಾ. ಅಲ್ಲಿಯ ಮೂಲದ ಜನ ಊಟ ಕೊಟ್ರು, ಜಾಗ ಕೊಟ್ರು. ರೋಡ್ ಐಲ್ಯಾಂಡ್ ಅಂತ ಊರು ಮಾಡಿದ. ಅಲ್ಲಿ ಯಾರು ಹೇಗೆ ಕೈಮುಗಿದ್ರೂ ಕೇಳುವವರಿಲ್ಲ."

ಅತ್ತೆಯ ಬತ್ತಿ ಅರ್ಧಕ್ಕೇ ನಿಂತಿತು. "ಆ ಉಪ್ಪಿನ ಜಾಗದಲ್ಲಿ ನಿಜಕ್ಕೂ ಎಂತ ಇಡ್ಲಿಕ್ಕೆ?"

"ಫಿಶ್, ಅಜ್ಜಿ," ಅನಘಾ ಥಟ್ಟನೆ ಹೇಳಿಬಿಟ್ಟಳು. "ನೀವಿದ್ದೀರಿ ಅಂತ ಮಿಸ್ ಇಡ್ಲಿಲ್ಲ."

ಅತ್ತೆ ಬತ್ತಿಯನ್ನು ಬದಿಗಿಟ್ಟರು.

"ಇಡಿ ಬಾಯಮ್ಮ. ನನ್ನಿಂದಾಗಿ ಮಗು ಪರೀಕ್ಷೆಯಲ್ಲಿ ಒಂದು ಊರೇ ಬಿಡುವುದು ಬೇಡ. ಆದ್ರೆ ಆ ಕಿಟಕಿ ಒಂದು ತೆಗೀರಿ ಮಾರಾಯ್ರೆ!"

ಬಾಯಿ ನಗುತ್ತ ಡಬ್ಬಿ ತಂದರು. ಕೋಣೆ ಹುಡುಕುವ ಮಾತು ಮತ್ತೆ ಬರಲಿಲ್ಲ.

ಕಳೆದ ವರ್ಷ ಬಾಯಿ ನಿವೃತ್ತರಾಗಿ ಊರಿಗೆ ಹೊರಟಾಗ, ಲಿಫ್ಟಿನ ಬಳಿ ಆ ಖಾಲಿ ಡಬ್ಬಿಯನ್ನು ನನ್ನ ಕೈಗಿತ್ತರು. "ಸೋಪು ಹಾಕಿ ತಿಕ್ಕಿದ್ದೇನೆ ಸುಮಾ. ವಾಸನೆ ಪೂರ್ತಿ ಹೋಗ್ಲಿಲ್ಲ."

ಈ ಸಲ ಬಂದ ಅತ್ತೆ ಒಲೆಯ ಎಡಬದಿಯ ಕಪಾಟಿನಲ್ಲಿ ಅದನ್ನು ಕಂಡರು. ಮುಚ್ಚಳ ತೆಗೆದು ಮೂಸಿ, ಮುಖ ಕಿವುಚಿ, "ಇದು ಇಲ್ಲೇ ಇರಲಿ" ಎಂದರು. ಆಮೇಲೆ, ಯಾರೂ ಮೀನು ಹುರಿಯದ ಆ ಅಡುಗೆಮನೆಯ ಕಿಟಕಿಯನ್ನು ತೆರೆದರು.