ಐದು ಎಣಿಸುವುದರೊಳಗೆ ಕಾಣಬೇಕು

ಬೆಳಗಿನ ಐದೂವರೆ. ಮೀರಜ್ ಸ್ಟೇಷನ್ ಹಿಂದಿನ ಚಾಳಿನ ಎರಡು ಕೋಣೆಯ ಮನೆಯಲ್ಲಿ ಹೌಸಾಬಾಯಿ ಬಸಿಯಲ್ಲಿ ಚಹಾ ಸುರಿದುಕೊಂಡು ಊದುತ್ತಿದ್ದಾರೆ. ಮಗಳು ರಂಜನಾ ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತು ಮೊಬೈಲನ್ನು ತಾಯಿಯ ಮುಖದ ಮುಂದೆ ಹಿಡಿಯುತ್ತಾರೆ. ಒಂದು, ಎರಡು, ಮೂರು, ನಾಲ್ಕು, ಐದು. ಎಣಿಸಿ ಮುಗಿಯುತ್ತಲೇ ಹೆಗಲ ಮೇಲಿನ ಟವೆಲ್ಲನ್ನು ಮೊಬೈಲಿನ ಮೇಲೆ ಹೊದಿಸಿಬಿಡುತ್ತಾರೆ.

"ಏನ ಮಾರಾಕತ್ತಾರವಾ?"

"ಕೋಟು," ಎನ್ನುತ್ತಾರೆ ಹೌಸಾಬಾಯಿ. "ಒಬ್ಬಾಂವ ಕೋಟು ಹಾಕ್ಕೊಂಡ ನಗಾಕತ್ತಾನ. ಹಲ್ಲ ಭಾಳ ಬೆಳ್ಳಗದಾವ. ಹಲ್ಲಿನ ಪುಡಿ ಮಾರಾಕತ್ತಿದ್ರೂ ಇರಬೇಕು."

ಪುಣೆಯ ಆ ಮಹಾಶಯರು ಮಾರಹೊರಟಿರುವುದು ಷೇರು ಬಜಾರಿನ ಬಗ್ಗೆ ತಾವು ಬರೆದ ಇ-ಪುಸ್ತಕ. ಕೋಟಿಗೂ ಹಲ್ಲಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ರಂಜನಾ ನಗುತ್ತ ಎದ್ದು ಹಳೆಯ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಏಳು ಗಂಟೆಗೆ ತಾಯಿ ಸಾಂಗ್ಲಿಯ ಅರಿಶಿಣ ಗೋದಾಮಿಗೆ ಹೊರಡುವುದರೊಳಗೆ ಕೋಟು ಹೋಗಿ ಪುಸ್ತಕ ಬರಬೇಕು, ಇನ್ನೊಮ್ಮೆ ಪರೀಕ್ಷೆ ಆಗಬೇಕು.

ರಂಜನಾ ಮಾಡುವುದು ಲ್ಯಾಂಡಿಂಗ್ ಪೇಜ್. ಫೇಸ್‌ಬುಕ್ಕಿನಲ್ಲೋ ವಾಟ್ಸಾಪಿನಲ್ಲೋ ಯಾವುದೋ ಪುಸ್ತಕದ ಜಾಹೀರಾತು ಕಂಡು ಒತ್ತುತ್ತೀರಲ್ಲ, ಆಗ ತೆರೆದುಕೊಳ್ಳುವ ಒಂದೇ ಒಂದು ಪುಟ. ಬಂದವರು ಅಲ್ಲಿ ಕೊಳ್ಳುವ ಗುಂಡಿ ಒತ್ತುತ್ತಾರೆ, ಇಲ್ಲವೇ ಬಂದ ದಾರಿಗೆ ಸುಂಕವಿಲ್ಲವೆಂದು ಹೊರಟುಹೋಗುತ್ತಾರೆ. ಐದು ವರ್ಷದಲ್ಲಿ ಅವರು ಇಂಥ ಇನ್ನೂರಾ ಹದಿನಾಲ್ಕು ಪುಟ ಮಾಡಿದ್ದಾರೆ. ತೂಕ ಇಳಿಸುವ ಪುಸ್ತಕ, ಮೂವತ್ತು ದಿನದಲ್ಲಿ ಇಂಗ್ಲಿಷ್ ಕಲಿಸುವ ಪುಸ್ತಕ, ಗಂಡನ ಸಿಟ್ಟು ಇಳಿಸುವ ಪುಸ್ತಕ. ಒಂದರಲ್ಲೂ ಇವರ ಹೆಸರಿಲ್ಲ.

ಅಥಣಿ ಕಡೆಯಿಂದ ಕೂಲಿ ಹುಡುಕಿಕೊಂಡು ಬಂದ ಕುಟುಂಬ ಇವರದು. ರಂಜನಾ ಹುಟ್ಟಿದ್ದು ಮೀರಜಿನಲ್ಲೇ. ಶಾಲೆ ಮರಾಠಿ, ಮನೆ ಕನ್ನಡ, ಜಗಳ ಎರಡರಲ್ಲೂ. ಹತ್ತನೇ ತರಗತಿ ಮುಗಿಸಿ ದವಾಖಾನೆ ಸಾಲಿನ ಡಿಟಿಪಿ ಅಂಗಡಿ ಸೇರಿ ಹನ್ನೊಂದು ವರ್ಷ ಲಗ್ನಪತ್ರಿಕೆ ಜೋಡಿಸಿದರು. ಲಾಕ್‌ಡೌನಿನಲ್ಲಿ ಅಂಗಡಿ ಮುಚ್ಚಿತು. ಮಾಲೀಕರು ಹೊರಡುವಾಗ ಕೊಟ್ಟ ಕಂಪ್ಯೂಟರೇ ಈಗಲೂ ಕೆಲಸ ಮಾಡುತ್ತಿರುವುದು. ಚಾಲೂ ಆಗಲು ಒಂದು ಚಹಾ ಕುಡಿಯುವಷ್ಟು ಹೊತ್ತು ಬೇಕು. ಮಿಕ್ಕಿದ್ದನ್ನು ಮೊಬೈಲ್ ನೋಡಿ ಕಲಿತರು.

"ಲಗ್ನಪತ್ರಿಕಿನೂ ಇದೂ ಒಂದ ನೋಡ್ರಿ," ಎನ್ನುತ್ತಾರೆ ರಂಜನಾ. "ಯಾರದು, ಯಾವಾಗ, ಎಲ್ಲಿ, ಇಷ್ಟ ಕಾಣಬೇಕು. ಮಂದಿ ಅದರಾಗ ಕಾಕಾನ ಹೆಸರು, ಮಾಮಾನ ಹೆಸರು, ಸತ್ತ ಮುತ್ಯಾನ ಹೆಸರು ಎಲ್ಲಾ ತುರಕತಾರ. ಕಡೀಕ ವರಾ ಯಾರಂತನ ತಿಳೀಯಂಗಿಲ್ಲ."

ತಾಯಿಯನ್ನು ಪರೀಕ್ಷೆಗೆ ಕೂರಿಸುವ ಪದ್ಧತಿ ಅವರದೇ. ಹೌಸಾಬಾಯಿಗೆ ಅಕ್ಷರ ಬಾರದು. ಅಂಕಿ ಮಾತ್ರ ಬರುತ್ತದೆ, ಮೂವತ್ತು ವರ್ಷ ಚೀಲದ ಮೇಲಿನ ತೂಕ ನೋಡಿ ಕಲಿತದ್ದು. ಓದಲಾರದವರಿಗೂ ಐದು ಎಣಿಸುವುದರೊಳಗೆ ಏನು ಮಾರುತ್ತಿದ್ದಾರೆಂದು ತಿಳಿದರೆ ಆ ಪುಟ ಪಾಸು. ರಂಜನಾ ಈ ತೀರ್ಪನ್ನು ಮೀರಿದ್ದು ಒಂದೇ ಸಲ. ಆ ಒಂದು ಸಲ ಒಂದು ಪುಸ್ತಕದ ಜೀವವೇ ಹೋಗುವುದರಲ್ಲಿತ್ತು.

ಆ ಪುಸ್ತಕ ಕಾಡಸಿದ್ದಪ್ಪ ಅವರದು. ಸಾಂಗ್ಲಿ ಮಾರ್ಕೆಟ್ ಯಾರ್ಡಿನಲ್ಲಿ ಮೂರು ತಲೆಮಾರಿನಿಂದ ಅರಿಶಿಣದ ಅಡತಿ ಪೇಢಿ, ಅಂದರೆ ದಲಾಲಿ ಅಂಗಡಿ, ನಡೆಸಿದ ಕನ್ನಡ ಮನೆತನ. ಅವರಿಗೆ ಈಗ ಎಪ್ಪತ್ತೆಂಟು. ಅರಿಶಿಣ ಎಷ್ಟು ಬೇಯಿಸಬೇಕು, ಎಷ್ಟು ದಿನ ಒಣಗಿಸಬೇಕು, ಹುಳ ಬೀಳದಂತೆ ಹೇಗೆ ಇಡಬೇಕು ಎಂದು ಎಂಟು ವಹಿಗಳ ತುಂಬ ಬರೆದಿಟ್ಟಿದ್ದರು. ಯಾರೂ ಕೇಳಿರಲಿಲ್ಲ. ಅಂಗಡಿಯ ಲೆಟರ್‌ಹೆಡ್ ಮಾಡಿಸಲು ಕರೆಸಿಕೊಂಡಾಗ ರಂಜನಾ ಆ ವಹಿಗಳನ್ನು ಕಂಡರು, ಎರಡು ಪುಟ ಓದಿದರು, ಇದನ್ನು ಇ-ಪುಸ್ತಕ ಮಾಡೋಣವೆಂದು ಹಟ ಹಿಡಿದರು.

"ಇನ್ನೂರ ಚಿಲ್ಲರೆ ಪುಟ ಮಾಡೀನ್ರಿ. ಎಷ್ಟೋ ಪುಸ್ತಕದಾಗ ಹುರುಳಿಲ್ಲಂತ ನನಗ ಗೊತ್ತಿತ್ತು, ಆದರೂ ಮಾಡೀನಿ, ಹೊಟ್ಟಿಪಾಡು. ಖರೇ ಮಾಲು ಅಂತ ಕೈಗೆ ಬಂದದ್ದು ಇದೊಂದ."

ಕಾಡಸಿದ್ದಪ್ಪ ಒಪ್ಪಿದರು, ಆದರೆ ವ್ಯಾಪಾರಿಯಂತೆ ಒಪ್ಪಿದರು. "ಇಪ್ಪತ್ತೊಂದ ದಿನ ನೋಡೂಣು. ಐವತ್ತ ಮಂದಿ ತಗೊಂಡ್ರ ಇರಲಿ. ಇಲ್ಲಂದ್ರ ಪುಟ ತಗದಬಿಡು, ವಹಿ ರದ್ದಿಗೆ ಹಾಕ್ತೇನಿ. ನಗೆಪಾಟಲಾಗೂ ವಯಸ್ಸಲ್ಲ ನಂದು."

ಮತ್ತೊಂದು ಕರಾರೂ ಹಾಕಿದರು. ಪುಟದಲ್ಲಿ ದರ ಬರೆಯಕೂಡದು. ಅವರು ವ್ಯಾಪಾರ ಕಲಿತ ಕಾಲದಲ್ಲಿ ಸಾಂಗ್ಲಿಯ ಸವಾಲಿನಲ್ಲಿ, ಅಂದರೆ ಹರಾಜಿನಲ್ಲಿ, ದರದ ಚೌಕಾಸಿಯನ್ನು ಬಾಯಲ್ಲಿ ಮಾಡುತ್ತಿರಲಿಲ್ಲ. ಅಡತಿಯವರೂ ಖರೀದಿದಾರರೂ ರುಮಾಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಮಾತಾಡುತ್ತಿದ್ದರು. ಹೊರಗೆ ನಿಂತವನಿಗೆ ಎರಡು ಗಂಭೀರ ಮುಖ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಹಾಗೆ ಬೆಳೆದವರಿಗೆ ದರವನ್ನು ಊರಿಗೆಲ್ಲ ಕಾಣುವಂತೆ ಬರೆಯುವುದೆಂದರೆ ಮಾಲಿನ ಮಾನ ಕಳೆದಂತೆ. ಹೀಗಾಗಿ ಗುಂಡಿಯ ಮೇಲೆ ‘ದರಕ್ಕಾಗಿ ಫೋನ್ ಮಾಡಿರಿ’ ಎಂದು ಬಂತು.

ಮರುದಿನ ಬೆಳಗಿನ ಪರೀಕ್ಷೆಯಲ್ಲಿ ಹೌಸಾಬಾಯಿ, "ಅರಿಶಿಣದ್ದ ಏನೋ ಐತಿ. ದರ ಎಲ್ಲೈತಿ?" ಎಂದು ಕೇಳಿದರು. ರಂಜನಾ ಕೇಳಿಸಿಕೊಂಡರು, ಸಾಹುಕಾರರ ಮಾತಿನ ಮುಂದೆ ಸುಮ್ಮನಾದರು. ಅದನ್ನು ನೆನೆದರೆ ಅವರಿಗೆ ಈಗಲೂ ಮುಜುಗರ.

ಹನ್ನೆರಡು ದಿನದಲ್ಲಿ ಪುಟಕ್ಕೆ ಸಾವಿರದ ಒಂಬೈನೂರು ಮಂದಿ ಬಂದರು. ಎಪ್ಪತ್ತು ಮಂದಿ ಫೋನ್ ಮಾಡಿದರು. ಪುಸ್ತಕ ಕೊಂಡವರು ನಾಲ್ವರು. ರಂಜನಾಗೆ ತಲೆಬುಡ ತಿಳಿಯಲಿಲ್ಲ. ಬಣ್ಣ ಬದಲಿಸಿದರು, ಅಕ್ಷರ ದೊಡ್ಡದು ಮಾಡಿದರು, ಕಡೆಗೆ ಬಸ್ ಹತ್ತಿ ಕಾಡಸಿದ್ದಪ್ಪ ಅವರ ಮನೆಗೇ ಹೋಗಿ ಕುಳಿತರು. ಆಗ ಖಂಡೇರಾಜುರಿಯ ಒಬ್ಬ ರೈತನ ಫೋನ್ ಬಂತು. ದರ ಎಷ್ಟೆಂದು ಆತ ಕೇಳಿದ.

"ನೀವ ಏನ ಕೊಡ್ತೀರಿ ಹೇಳ್ರಿ," ಎಂದರು ಕಾಡಸಿದ್ದಪ್ಪ.

ಆತ ಐವತ್ತು ಎಂದ. ಇವರು ಮುನ್ನೂರು ಎಂದರು. ಆತ ಅರವತ್ತು ಎಂದ. ಇವರು ಮಳೆ ಬೆಳೆ ವಿಚಾರಿಸಿದರು, ಅವನ ಅಜ್ಜನ ಹೆಸರು ಕೇಳಿದರು, ಆ ಅಜ್ಜ ಒಮ್ಮೆ ತಂದ ಮಾಲಿನ ಬಣ್ಣವನ್ನು ಹೊಗಳಿದರು. ಹದಿನೈದು ನಿಮಿಷದ ಮೇಲೆ ಆತ ಎತ್ತಿಗೆ ನೀರು ಕುಡಿಸಬೇಕೆಂದು ಫೋನ್ ಇಟ್ಟ. ಎಪ್ಪತ್ತು ಕರೆಗಳಲ್ಲಿ ಹೆಚ್ಚಿನವು ಹೀಗೇ ಮುಗಿದಿದ್ದವು.

"ಫೋನಿನ್ಯಾಗ ಕೈ ಸಿಗಂಗಿಲ್ಲ ನೋಡವಾ," ಎಂದು ಕಾಡಸಿದ್ದಪ್ಪ ಪೇಚಾಡಿದರು. "ಕೈ ಸಿಕ್ರ ಎರಡ ಮಿನಿಟಿನ ಕೆಲಸ."

ರಂಜನಾ ನಗಬೇಕೋ ಅಳಬೇಕೋ ತಿಳಿಯದೆ ಮನೆಗೆ ಬಂದರು. ಇನ್ನು ಒಂಬತ್ತು ದಿನ. ಮರುದಿನ ಬೆಳಿಗ್ಗೆ ತಾಯಿಯ ಮುಂದೆ ಎಲ್ಲ ಹೇಳಿಕೊಂಡರು. ಹೌಸಾಬಾಯಿ ಬಸಿ ಕೆಳಗಿಟ್ಟರು.

"ರುಮಾಲ ತಗದ ಮ್ಯಾಲ ಏನ ಮಾಡ್ತಿದ್ರು ಕೇಳ ಅವರನ್ನ. ದರ ಕೂಗ್ತಿದ್ರು! ಇಡೀ ಯಾರ್ಡಿಗೆ ಕೇಳೂವಂಗ ಕೂಗ್ತಿದ್ರು. ನಾವು ಹೊರಗ ಅರಿಶಿಣದ ಕೊಂಬ ಆರಸ್ತಿದ್ವಿ, ನಮಗೂ ಕೇಳತಿತ್ತು. ಮತ್ತ ಅದಕ್ಕೂ ಮೊದಲ ಕೊಂಬ ಮುರದ ತೋರಸ್ತಿದ್ರು. ಒಳಗಿನ ಬಣ್ಣ ನೋಡದ ಯಾರ ಕೈ ಕೊಡ್ತಾರ?"

ರಂಜನಾ ಅವತ್ತೇ ಮತ್ತೆ ಸಾಂಗ್ಲಿಗೆ ಹೋಗಿ ಈ ಮಾತನ್ನು ಹಾಗೆಹಾಗೇ ಒಪ್ಪಿಸಿದರು. ಪುಟ ಅಂದರೆ ರುಮಾಲು ತೆಗೆದ ಮೇಲಿನ ಜಾಗ, ಅಲ್ಲಿ ಕೂಗಲೇಬೇಕು. ಕಾಡಸಿದ್ದಪ್ಪ ಕೇಳಿದರು:

"ಇದನ್ನ ಯಾರ ಹೇಳಿದ್ರು ನಿನಗ?"

"ನಮ್ಮ ಅವ್ವ್ರಿ. ನಿಮ್ಮ ಪೇಢಿ ಮುಂದನ ಮೂವತ್ತ ವರ್ಷ ಅರಿಶಿಣ ಆರಿಸ್ಯಾಳ."

"ಹೆಸರೇನ ಆಕಿದು?"

ಮೂವತ್ತು ವರ್ಷ ಕಣ್ಣೆದುರು ಕುಳಿತಿದ್ದವಳ ಹೆಸರು ಅವರಿಗೆ ಗೊತ್ತಿರಲಿಲ್ಲ. ರಂಜನಾ ಹೇಳಿದರು. ಆ ಕ್ಷಣ ರಂಜನಾಗೆ ಸಿಟ್ಟು ಬಂದದ್ದು ನಿಜ, ಅದನ್ನು ಮುಚ್ಚಿಡುವುದೂ ಇಲ್ಲ. ಕಾಡಸಿದ್ದಪ್ಪ ತಲೆ ತಗ್ಗಿಸಿ, "ದರ ಬರದಬಿಡು," ಎಂದರು.

ಹೊಸ ಪುಟದ ತಲೆಯ ಮೇಲೆ ಒಂದು ಚಿತ್ರ: ಎರಡು ಕೈ, ನಡುವೆ ಆಗತಾನೆ ಮುರಿದ ಕೊಂಬು, ಒಳಗಿನ ಕಿತ್ತಳೆ ಮಿಶ್ರಿತ ಹಳದಿ. ಅದರ ಕೆಳಗೆ ಒಂದೇ ಸಾಲು, ಅರಿಶಿಣ ಹದವಾಗಿ ಬೆಂದಿದೆಯೇ ಎಂದು ಹೇಗೆ ತಿಳಿಯುವುದು. ಪಕ್ಕದಲ್ಲಿ ದಪ್ಪಗೆ 149 ರೂಪಾಯಿ. ಬೇಯಿಸುವ ಅಧ್ಯಾಯ ಪುಕ್ಕಟೆ ಓದಬಹುದು. ಅದು ಕೊಂಬು ಮುರಿದು ತೋರಿಸಿದ ಹಾಗೆ. ಒಂದೇ ಗುಂಡಿ. ಮೂರು ತಲೆಮಾರಿನ ಮನೆತನದ ಕಥೆ ಪುಟದ ಕಾಲಬುಡಕ್ಕೆ ಹೋಯಿತು. ಸಲಗರೆಯಂಥ ಹಳ್ಳಿಯ ಹೊಲದಲ್ಲಿ ಒಂದೇ ಗೆರೆ ನೆಟ್‌ವರ್ಕ್ ಇದ್ದರೂ ತೆರೆಯುವಷ್ಟು ಹಗುರ ಮಾಡಿದರು. ‘ಇನ್ನು ಹತ್ತೇ ನಿಮಿಷ ಬಾಕಿ’ ಎಂದು ಓಡುವ ಸುಳ್ಳು ಗಡಿಯಾರವನ್ನು ಬೇರೆ ಗಿರಾಕಿಗಳು ಕಾಡಿ ಬೇಡಿ ಹಾಕಿಸುತ್ತಾರೆ, ಇಲ್ಲಿ ಹಾಕಲಿಲ್ಲ. "ಸುಗ್ಗಿ ಮೂರ ತಿಂಗಳ ಇರ್ತೈತಿ. ಹತ್ತ ಮಿನಿಟಿನ ಆಟಾ ಯಾಕ್ರಿ?" ಎನ್ನುತ್ತಾರೆ.

ಹತ್ತೊಂಬತ್ತನೆಯ ದಿನ ಐವತ್ತು ದಾಟಿತು. ಇಪ್ಪತ್ತೊಂದನೆಯ ದಿನ ಎಂಬತ್ತಮೂರು. ಸಲಗರೆಯಿಂದ ಸುನಂದಾಬಾಯಿ ಎಂಬ ರೈತ ಮಹಿಳೆ ಕಾಡಸಿದ್ದಪ್ಪ ಅವರಿಗೆ ಫೋನ್ ಮಾಡಿದ್ದು ದರ ಕೇಳಲು ಅಲ್ಲ, ಮೂರನೆಯ ಅಧ್ಯಾಯದಲ್ಲಿ ಒಂದು ಅನುಮಾನ ಕೇಳಲು. ಮುದುಕರು ಒಂದು ತಾಸು ಮಾತಾಡಿದರು. ವಹಿಗಳು ರದ್ದಿಗೆ ಹೋಗಲಿಲ್ಲ, ಪೆಟ್ಟಿಗೆಯಿಂದ ಇನ್ನೂ ಎರಡು ಹೊರಗೆ ಬಂದಿವೆ.

ಚಿತ್ರದ ಕೆಳಗಿನ ಮೂಲೆಯಲ್ಲಿ ರಂಜನಾ ತಮ್ಮ ಹೆಸರು ಹಾಕಿಕೊಳ್ಳಬಹುದೆಂದು ಕಾಡಸಿದ್ದಪ್ಪ ಹೇಳಿದರು. "ನನ್ನ ಹೆಸರ ಯಾಕ್ರಿ? ಮಂದಿ ಬಂದ ಕೂಡಲೆ ಪುಟ ತೆರೀತಲ್ಲ, ಸಾಕು," ಎಂದು ಅವರು ಆ ಜಾಗವನ್ನು ಬೇರೆಯದಕ್ಕೆ ಬಳಸಿಕೊಂಡಿದ್ದಾರೆ.

ಮತ್ತೆ ಬೆಳಗಿನ ಐದೂವರೆ. ಚಹಾ, ಬಸಿ, ಟವೆಲ್. ಅರಿಶಿಣದ ಪುಟವನ್ನು ತಾಯಿಯ ಮುಂದೆ ಹಿಡಿದು ರಂಜನಾ ಎಣಿಸುತ್ತಾರೆ, ಹೊದಿಸುತ್ತಾರೆ.

"ಏನ ಕಂಡಿತು?"

"ನನ್ನ ಕೈ. ಮುರದ ಕೊಂಬ. ನೂರಾ ನಲವತ್ತೊಂಬತ್ತು."

"ಕೈ ಕೆಳಗ ಸಣ್ಣಂಗ ಏನೋ ಬರದೈತಲ್ಲ?"

"ಐತಿ. ಅಂಕಿ ಅಲ್ಲ. ನನಗೇನ ತಿಳೀತೈತಿ?"

"ನಿನ್ನ ಹೆಸರವಾ ಅದು. ಹೌಸಾಬಾಯಿ ಅಂತ ಬರದೇನಿ."

ಹೌಸಾಬಾಯಿ ಕೈಯನ್ನು ಸೆರಗಿಗೆ ಒರೆಸಿಕೊಂಡು, ಟವೆಲ್ಲನ್ನು ತಾವೇ ಸರಿಸುತ್ತಾರೆ.

"ಐದ ಎಣಿಸಬ್ಯಾಡ," ಎನ್ನುತ್ತಾರೆ. "ಇನ್ನೊಂದೀಟ ನೋಡ್ತೇನಿ."