ಬಿದ್ದ ಹಲ್ಲು ಹುಟ್ಟಿಸಿದ ಯೋಜನೆ

ಉಮ್ಮೆ ಕುಲ್ಸುಂ ಅವರಿಗೆ ಮಕ್ಕಳ ಮುಖ ನೆನಪಿರುವುದಿಲ್ಲ, ಹಲ್ಲು ನೆನಪಿರುತ್ತದೆ. ಹದಿನಾಲ್ಕು ವರ್ಷಗಳಿಂದ ಶಿವಾಜಿನಗರ, ಹಲಸೂರು, ಇಂದಿರಾನಗರದ ಶಾಲೆಗಳಲ್ಲಿ ಮಕ್ಕಳ ಬಾಯಿಗೆ ಟಾರ್ಚು ಬಿಟ್ಟು ನೋಡಿದವರಿಗೆ ಹಾಗಾಗುವುದು ಸಹಜ. ಹೋದ ರಂಜಾನಿನಲ್ಲಿ ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯೊಂದರಲ್ಲಿ ಮೀಸೆ ಬಂದ ಹುಡುಗನೊಬ್ಬ "ಆಂಟಿ, ನಾನು ಫೈಸಲ್" ಎಂದು ಎದುರು ನಿಂತಾಗ ಪಿಳಿಪಿಳಿ ನೋಡಿದರು. ಅವನು ನಕ್ಕ ಮೇಲೆ, "ಓ, ಹಲ್ಲಿನ ಮೇಲೆ ಕೋರೆಹಲ್ಲು! ಐದನೇ ಕ್ಲಾಸು, ಎರಡನೇ ಬೆಂಚು" ಎಂದು ಜೋರಾಗಿಯೇ ಹೇಳಿಬಿಟ್ಟರು. ಅವನು ಗಿರಾಕಿಗಳ ಮುಂದೆ ತಟ್ಟನೆ ಬಾಯಿ ಮುಚ್ಚಿಕೊಂಡ.

ಅವರ ಸರಂಜಾಮೆಲ್ಲ ಒಂದು ಬಿಗ್‌ಶಾಪರ್ ಚೀಲದಲ್ಲಿ ಹಿಡಿಯುತ್ತದೆ. ತೂಕದ ಯಂತ್ರ, ಎತ್ತರ ಅಳೆಯಲು ಟೇಪು, ಟಾರ್ಚು, ನಾಲಿಗೆ ಒತ್ತಲು ಐಸ್‌ಕ್ರೀಂ ಕಡ್ಡಿಗಳ ಕಟ್ಟು. ಹಿಂದೆ ಒಂದು ಉದ್ದನೆಯ ರಿಜಿಸ್ಟರೂ ಇತ್ತು, ಅದರ ಕೊನೆಯಲ್ಲಿ 'ಷರಾ' ಎಂಬ ಅಗಲವಾದ ಕಾಲಂ. 'ಹಾಲುಹಲ್ಲು ಬಿದ್ದಿದೆ, ಚಿಂತೆ ಇಲ್ಲ', 'ಬೆಳಿಗ್ಗೆ ತಿಂಡಿ ತಿಂದಿಲ್ಲ', 'ಶೂ ಬಿಚ್ಚಲು ಒಪ್ಪಲಿಲ್ಲ, ಅರ್ಧ ಕಿಲೋ ಕಳೆಯುವುದು' ಎಂದೆಲ್ಲ ಅವರು ಅಲ್ಲಿ ಗುಂಡಗೆ ಬರೆಯುತ್ತಿದ್ದರು. ಹೋದ ವರ್ಷ, ಈ ಆರೋಗ್ಯ ತಪಾಸಣೆಗೆ ಅವರಿಗೆ ಸಂಬಳ ಕೊಡುವ ಟ್ರಸ್ಟು ಆಧುನಿಕವಾಯಿತು. ರಿಜಿಸ್ಟರು ಗುಜರಿಗೆ ಹೋಗಿ ಟ್ಯಾಬ್ ಬಂತು. ಟ್ಯಾಬಿನಲ್ಲಿ ಬೇಕಾದ್ದು ಬೇಡದ್ದು ಎಲ್ಲ ಇತ್ತು, ಷರಾ ಮಾತ್ರ ಇರಲಿಲ್ಲ.

"ಷರಾ ಎಲ್ಲಿ ಬರೀಲಿ ಸರ್?" ಎಂದು ಅವರು ಯೋಜನೆಯ ಮ್ಯಾನೇಜರ್ ಭಾರ್ಗವ್‌ನನ್ನು ಕೇಳಿದರು.

"ಆಂಟಿ, ಕಥೆ ಎಲ್ಲಾ ಕೌಂಟ್ ಮಾಡಕ್ಕಾಗಲ್ಲ. ಹಲ್ಲಿಗೆ ಮೂರೇ ಬಟನ್ನು. ಹುಳುಕು, ಇಲ್ಲ, ತುಂಬಿಸಿದ್ದು. ಎಷ್ಟ್ ಸಿಂಪಲ್ ನೋಡಿ."

"ಒಂದ್ನೇ, ಎರಡ್ನೇ ಕ್ಲಾಸ್ ಮಕ್ಳಿಗೆ ಮುಂದಿನ್ ಹಲ್ಲು ಬಿದ್ದಿರ್ತಾವಲ್ಲ ಸರ್, ಅದಕ್ಕೆ?"

"ಬಿದ್ದಿದ್ರೆ ಇಲ್ಲ ತಾನೇ? 'ಇಲ್ಲ' ಒತ್ತಿ. ಡೇಟಾ ಕ್ಲೀನಾಗಿರ್ಬೇಕು."

ಇಪ್ಪತ್ತೊಂಬತ್ತು ವರ್ಷದ ಈ ಮಹಾಶಯನಿಗೂ ಒಂದು ಕಾಲದಲ್ಲಿ ಹಲ್ಲು ಬಿದ್ದು ಹುಟ್ಟಿರಲೇಬೇಕು, ಎಂಬಿಎ ಓದುವ ಭರದಲ್ಲಿ ಮರೆತಿರಬಹುದು ಎಂದುಕೊಂಡು ಕುಲ್ಸುಂ ಟ್ಯಾಬನ್ನು ಚೀಲಕ್ಕೆ ತುರುಕಿದರು.

ಜೂನ್‌ನಲ್ಲಿ ಹಲಸೂರಿನ ಗಲ್ಲಿಯೊಂದರ ಸರ್ಕಾರಿ ಶಾಲೆಗೆ ಹೋದರು. ಒಂದನೇ, ಎರಡನೇ ತರಗತಿ ಸೇರಿ ಐವತ್ತಮೂರು ಮಕ್ಕಳು. ಐವತ್ತಮೂರೂ ಬೊಚ್ಚುಬಾಯಿ ಬಿಟ್ಟುಕೊಂಡು ಸಾಲಾಗಿ ಬಂದವು. ಕುಲ್ಸುಂ ಹೇಳಿದಂತೆ 'ಇಲ್ಲ' ಒತ್ತುತ್ತಾ ಹೋದರು. ಟ್ಯಾಬು ಇಲ್ಲದ ಹಲ್ಲನ್ನೆಲ್ಲ ಕೆಟ್ಟು ಹೋದ ಹಲ್ಲೆಂದು ಎಣಿಸಿ, ಸಂಜೆಯೊಳಗೆ ಟ್ರಸ್ಟಿನ ನಕ್ಷೆಯಲ್ಲಿ ಆ ಶಾಲೆ ಕಡುಗೆಂಪಾಯಿತು. ಪೂರ್ವ ಬೆಂಗಳೂರಿನಲ್ಲೇ ದಂತಾರೋಗ್ಯ ಅತ್ಯಂತ ಹದಗೆಟ್ಟ ಶಾಲೆ ಎಂದು ಸಾಬೀತಾಯಿತು.

ಅದೇ ದಿನ ಅವರು ಎರಡನೇ ತರಗತಿಯ ಇಕ್ರಾಳ ಬಾಯಲ್ಲಿ ನಿಜವಾದ ಹುಳುಕನ್ನೂ ಕಂಡಿದ್ದರು. ಎಡಗಡೆ ಕೆಳಗಿನ ಕೊನೆಯ ದವಡೆಹಲ್ಲು, ನಡುವೆ ಸಾಸಿವೆಕಾಳಿನಷ್ಟು ಕಪ್ಪು ಕುಳಿ. ಹೆಡ್‌ಮಾಸ್ಟರ್ ಅಮರಪ್ಪ ಇಣುಕಿ ನೋಡಿ, "ಬಿಡಮ್ಮಾ, ಬಿದ್ದು ಹುಟ್ಟೋ ಹಲ್ಲು" ಎಂದರು. ಅದು ಬಿದ್ದು ಹುಟ್ಟುವ ಹಲ್ಲಲ್ಲ ಎಂಬುದು ಕುಲ್ಸುಮ್‌ಗೆ ಗೊತ್ತಿತ್ತು. ಹಾಲುಹಲ್ಲುಗಳ ಹಿಂದೆ ಆರನೇ ವರ್ಷಕ್ಕೆ ಸದ್ದಿಲ್ಲದೆ ಬರುವ ಆ ಹಲ್ಲು ಸಾಯುವತನಕ ಇರಬೇಕಾದದ್ದು. ಅವರು ಇಕ್ರಾಳ ತಾಯಿ ಆಬಿದಾಳನ್ನು ಕರೆಸಿದರು.

ಆಬಿದಾ ಸೀರೆ ಅಂಗಡಿಗೆ ಫಾಲ್ಸ್ ಹೊಲಿಯುವವಳು. ವಿಷಯ ಕೇಳಿದ್ದೇ ಗಾಬರಿಯಾಗಿ, "ಆಪಾ, ನಾಳೇನೇ ರಜಾ ಹಾಕ್ತೀನಿ, ದೊಡ್ಡಾಸ್ಪತ್ರೆಗೆ ಕರ್ಕೊಂಡ್ಹೋಗ್ಲಾ?" ಎಂದಳು.

ಕುಲ್ಸುಂ ಟ್ಯಾಬ್ ನೋಡಿದರು. ಕೆಂಪು ಶಾಲೆಗಳಿಗೆ ದಂತವೈದ್ಯರ ವ್ಯಾನ್ ಆಗಸ್ಟ್‌ನಲ್ಲಿ ಬರಲಿದೆ ಎಂದು ಅದರಲ್ಲಿ ಚೆಂದವಾಗಿ ಮೂಡಿತ್ತು. "ಯಾಕಮ್ಮಾ ಕೆಲ್ಸ ಕೆಡಿಸ್ಕೊಳ್ತೀಯ? ವ್ಯಾನು ಸ್ಕೂಲ್ ಬಾಗ್ಲಿಗೇ ಬರುತ್ತೆ. ಇಲ್ಲೇ ತುಂಬಿಸ್ಕೊಡ್ತಾರೆ."

ಆಬಿದಾ ಅವರ ಕೈಹಿಡಿದು ಕಣ್ಣಿಗೊತ್ತಿಕೊಂಡು ಹೋದಳು.

ಆಗಸ್ಟ್‌ನಲ್ಲಿ ವ್ಯಾನಿನ ಬದಲು ಜಾಗೃತಿ ಅಭಿಯಾನ ಬಂತು. ಬಿಳಿ ಸ್ಪಂಜಿನ ಹಲ್ಲಿನ ವೇಷ ಹಾಕಿದ ಒಬ್ಬ ಮಕ್ಕಳ ನಡುವೆ ಕುಣಿದ, ಬೆವರು ತಡೆಯಲಾರದೆ ಅರ್ಧಕ್ಕೇ ತಲೆ ಕಳಚಿಟ್ಟ. ಮಕ್ಕಳಿಗೆ ಬ್ರಷ್ಷು, ಪೇಸ್ಟು, ಅದರ ಜೊತೆ ಪ್ರೋತ್ಸಾಹಕ್ಕೆಂದು ತಲಾ ಎರಡು ಚಾಕೊಲೇಟು ಹಂಚಲಾಯಿತು. ಚಾಕೊಲೇಟು ಅಲ್ಲೇ ಮುಗಿಯಿತು. ವ್ಯಾನ್ ಎಲ್ಲಿ ಎಂದು ಕುಲ್ಸುಂ ಕೇಳಿದರೆ ಭಾರ್ಗವ್, "ಕ್ಯೂನಲ್ಲಿದೆ ಆಂಟಿ" ಎಂದು ಫೋಟೋಗೆ ಹಲ್ಲು ಕಿರಿದ.

ಇತ್ತ ತೂಕದ ಕಡೆ ಇನ್ನೂ ಭರದ ಪ್ರಗತಿಯಾಗುತ್ತಿತ್ತು. ಇಂದಿರಾನಗರದ ಖಾಸಗಿ ಶಾಲೆಯಲ್ಲಿ ಐದನೇ ತರಗತಿಯ ಸಮರ್ಥ್ ಐವತ್ತೆಂಟು ಕಿಲೋ ತೂಗಿದ. ಟ್ಯಾಬು 'ಬೊಜ್ಜು' ಎಂದಿತು. ಅವನ ತಾಯಿ ಶಾಂತಕುಮಾರಿ ಶಾಲೆಗೇ ಧಾವಿಸಿ, "ಏನ್ರೀ ಹಾಗಂದ್ರೆ? ನಮ್ ವಂಶದಲ್ಲಿ ಎಲ್ಲರ್ದೂ ಮೂಳೆ ಭಾರ" ಎಂದು ರೇಗಿದರು. ಹುಡುಗ ಅಷ್ಟು ಹೊತ್ತೂ ಕ್ರೀಮ್ ಬಿಸ್ಕತ್ತಿನ ಕ್ರೀಮನ್ನಷ್ಟೇ ನೆಕ್ಕುತ್ತಾ ಮೂಳೆಗೆ ಬಲ ತುಂಬುತ್ತಿದ್ದ. ಪೋಷಕರ ಗುಂಪಿನಲ್ಲಿ ಗದ್ದಲವೆದ್ದು, ಮರುದಿನವೇ ಟ್ಯಾಬಿನಲ್ಲಿ 'ಬೊಜ್ಜು' ಹೋಗಿ 'ಪುಷ್ಟಿ' ಬಂತು. ಒಬ್ಬ ಹುಡುಗನೂ ನೂರು ಗ್ರಾಂ ಇಳಿಯದೆ ಇಡೀ ಇಂದಿರಾನಗರದ ಬೊಜ್ಜು ಒಂದೇ ಮಧ್ಯಾಹ್ನದಲ್ಲಿ ಕರಗಿತು.

ನವೆಂಬರ್‌ನಲ್ಲಿ ಎರಡನೇ ಸುತ್ತಿನ ತಪಾಸಣೆ. ಹಲಸೂರಿನ ಮಕ್ಕಳ ಬಾಯಲ್ಲಿ ಹೊಸ ಹಲ್ಲುಗಳು ಗರಗಸದಂತೆ ಮೇಲೆದ್ದಿದ್ದವು. ಬ್ರಷ್ಷಿನಲ್ಲಿ ಹಲ್ಲುಜ್ಜಿದವರಿಗೂ ಬಂದಿದ್ದವು, ಬ್ರಷ್ಷಿನಲ್ಲಿ ಅಪ್ಪನ ಸ್ಕೂಟರಿನ ಚೈನು ಉಜ್ಜಿದವರಿಗೂ ಬಂದಿದ್ದವು. ನಕ್ಷೆಯಲ್ಲಿ ಶಾಲೆ ಕಡುಗೆಂಪಿನಿಂದ ಎಳೆಹಸಿರಿಗೆ ಹಾರಿತು. ಐದೇ ತಿಂಗಳಲ್ಲಿ ಉದುರಿದ ಹಲ್ಲುಗಳನ್ನು ಮರಳಿ ಹುಟ್ಟಿಸಿದ ಯೋಜನೆ ಜಗತ್ತಿನಲ್ಲಿ ಬೇರೊಂದಿರಲಾರದು. ದಾನಿಗಳು ದೊಡ್ಡ ಹೋಟೆಲಿನಲ್ಲಿ ಭಾರ್ಗವ್‌ಗೆ ಶಾಲು ಹೊದಿಸಿದರು. ಅಮರಪ್ಪನವರಿಗೂ ಒಂದು ಪ್ರಶಸ್ತಿಪತ್ರ ಸಿಕ್ಕಿತು. ಅವರು ಅದನ್ನು ಸೋರುವ ಗೋಡೆಯ ಕಲೆ ಮುಚ್ಚುವಂತೆ ತೂಗುಹಾಕಿದರು.

ಕುಲ್ಸುಮ್‌ಗೆ ಮಾತ್ರ ಆ ಹಸಿರು ನೋಡಿ, ವ್ಯಾನು ಕೆಂಪು ಶಾಲೆಗಳಿಗಷ್ಟೇ ಎಂಬುದು ನೆನಪಾಯಿತು. ಇಕ್ರಾಳ ಹಲ್ಲಿನ ಕುಳಿ ಈಗ ಕಡಲೆಕಾಳಿನಷ್ಟಾಗಿತ್ತು. ಭಾರ್ಗವ್‌ಗೆ ಫೋನ್ ಮಾಡಿದರು.

"ಸರ್, ವ್ಯಾನು ಯಾವತ್ತು ಬರುತ್ತೆ? ಆ ಮಗೂದು ತುಂಬ ಕೆಟ್ಟೋಗಿದೆ."

"ಹಲಸೂರಾ? ಅದು ಗ್ರೀನ್ ಆಗೋಯ್ತಲ್ಲ ಆಂಟಿ! ಗ್ರೀನ್ ಸ್ಕೂಲ್‌ಗೆ ವ್ಯಾನ್ ಕಳ್ಸಿದ್ರೆ ನನ್ನೇ ಕೇಳ್ತಾರೆ. ಇಂದಿರಾನಗರಕ್ಕೆ ಅಲಾಟ್ ಮಾಡ್ಬಿಟ್ಟೆ, ಪೇರೆಂಟ್ಸ್ ಪ್ರೆಷರ್ರು."

"ಒಂದ್ ಹಲ್ಲು ಸರ್. ಹತ್ತು ನಿಮಿಷದ ಕೆಲ್ಸ."

"ಅದಕ್ಕೇ ಹೇಳಿದ್ದು, ಒಂದೇ ಹಲ್ಲು ತಾನೇ."

ಕುಲ್ಸುಂ ಆ ಸಂಜೆಯೇ ಆಬಿದಾಳ ಮನೆಗೆ ಹೋದರು. ಅಷ್ಟರಲ್ಲಿ ಇಕ್ರಾಳ ಕೆನ್ನೆ ಬನ್ನಿನ ಹಾಗೆ ಊದಿಕೊಂಡಿತ್ತು. ಲವಂಗದೆಣ್ಣೆ ಹಾಕಿದ ಹತ್ತಿ ಕಚ್ಚಿಕೊಂಡು ಮಗು ಗೋಡೆಗೊರಗಿ ಕೂತಿತ್ತು. ವ್ಯಾನು ಬಂತಾ ಎಂದು ಆಬಿದಾ ಕೇಳಲಿಲ್ಲ. ಕೇಳಿದ್ದರೆ ವಾಸಿಯಿತ್ತು ಎಂದು ಕುಲ್ಸುಮ್‌ಗೆ ಅನ್ನಿಸಿತು.

ಮರುದಿನ ಬೆಳಿಗ್ಗೆ ಮೂವರೂ ಸರ್ಕಾರಿ ದಂತ ಆಸ್ಪತ್ರೆಯ ಸಾಲಿನಲ್ಲಿ ನಿಂತರು. ಒಳಗಿದ್ದ ಡಾಕ್ಟರಮ್ಮ ಎಕ್ಸ್‌ರೇ ಹಿಡಿದು ನೋಡಿ, "ಬೇರಿನ ತನಕ ಕೀವಾಗಿದೆ. ತೆಗೀಲೇಬೇಕು. ನಾಲ್ಕೈದು ತಿಂಗ್ಳು ಮುಂಚೆ ಬಂದಿದ್ರೆ ತುಂಬಿಸಿ ಉಳಿಸ್ಬೋದಿತ್ತಲ್ಲಮ್ಮಾ, ಯಾಕೆ ಬಿಟ್ರಿ?" ಎಂದರು. ಕೇಳಿದ್ದು ಆಬಿದಾಳನ್ನು. ಆಬಿದಾ ತಲೆ ತಗ್ಗಿಸಿದಳು. "ಅವ್ಳಲ್ಲ ಮೇಡಂ, ಬೇಡ ಅಂದಿದ್ದು ನಾನು" ಎಂದು ಕುಲ್ಸುಂ ಹೇಳಿದರು.

ಹಲ್ಲು ಕೀಳಿಸಿಕೊಂಡು ಹೊರಗೆ ಬಂದ ಮೇಲೆ ಇಕ್ರಾ ಹತ್ತಿ ಕಚ್ಚಿಕೊಂಡೇ, "ಖಾಲಾ, ಇದು ಯಾವಾಗ ಬರುತ್ತೆ?" ಎಂದು ಕೇಳಿದಳು.

"ಇದು ಬರಲ್ಲ ಬೇಟಾ."

"ಮುಂದಿನ್ದು ಬಂತಲ್ಲ?"

"ಅದು ಬೇರೆ. ಇದು ಬರಲ್ಲ." ಮಗುವಿಗೆ ಸುಳ್ಳು ಹೇಳಬಾರದೆಂದು ಅವರು ಹಲ್ಲು ಕೀಳುವಾಗಲೇ ನಿರ್ಧರಿಸಿಕೊಂಡಿದ್ದರು.

ಫೆಬ್ರವರಿಯಲ್ಲಿ ದಾನಿಗಳ ಸಭೆಗೆ ಬಂದಿದ್ದ ನಿಜವಾದ ದಂತವೈದ್ಯರೊಬ್ಬರು ಆ ಪವಾಡದ ಅಂಕಿಗಳನ್ನು ನೋಡಿ ಬಿದ್ದುಬಿದ್ದು ನಕ್ಕರಂತೆ. ಶಾಲನ್ನು ಯಾರೂ ವಾಪಸು ಕೇಳಲಿಲ್ಲ. ಆದರೆ ಟ್ಯಾಬನ್ನು ತಿದ್ದಲಾಯಿತು. ಹತ್ತು ವರ್ಷದೊಳಗಿನ ಮಕ್ಕಳಲ್ಲಿ ಇಲ್ಲದ ಹಲ್ಲೆಲ್ಲ ಇನ್ನು ಮುಂದೆ ಹಾಲುಹಲ್ಲು ಎಂದು ಅದಕ್ಕೆ ಕಲಿಸಿದರು.

ಮತ್ತೆ ಜೂನ್ ಬಂತು. ಹಲಸೂರಿನ ಶಾಲೆಯಲ್ಲಿ ಇಕ್ರಾ ಈಗ ಮೂರನೇ ತರಗತಿ. ಬೆಂಚಿನ ಮೇಲೆ ಕೂತು ತಾನಾಗಿಯೇ ಬಾಯಿ ಅಗಲಿಸಿದಳು. ಎಡಗಡೆ ಕೊನೆಯಲ್ಲಿ ವಸಡು ನುಣ್ಣಗೆ ಮುಚ್ಚಿಕೊಂಡಿತ್ತು. ಕುಲ್ಸುಂ ಆ ಹಲ್ಲಿನ ಮೇಲೆ 'ಇಲ್ಲ' ಒತ್ತಿದರು. ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು. ಅವರು ಅಳಿಸಿ ಇನ್ನೊಮ್ಮೆ ಒತ್ತಿದರು, ಮೂರನೆಯ ಸಲವೂ ಒತ್ತಿದರು. ಅದೇ ಹಸಿರು. ಬೇರೇನಾದರೂ ಬರೆಯೋಣವೆಂದರೆ ಜಾಗವಿರಲಿಲ್ಲ.

ಇಕ್ರಾ ಕತ್ತು ಚಾಚಿ ಟ್ಯಾಬಿನಲ್ಲಿ ಇಣುಕಿದಳು. ಈ ವರ್ಷ ಅವಳಿಗೆ ಕನ್ನಡ ಓದಲು ಬರುತ್ತಿತ್ತು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. "ಹಾಲು... ಹಲ್ಲು. ಸಹಜ. ಶೀಘ್ರದಲ್ಲೇ... ಬರಲಿದೆ." ಅವಳ ಮುಖವೆಲ್ಲ ಅರಳಿತು. "ಖಾಲಾ! ಬರುತ್ತಂತೆ! ನೀವು ಬರಲ್ಲ ಅಂದಿದ್ರಿ."

ಸಾಲಿನಲ್ಲಿದ್ದ ಮಕ್ಕಳೆಲ್ಲ ಕುಲ್ಸುಂ ಅವರನ್ನು ನೋಡಿದವು. ಅವರು ಟ್ಯಾಬನ್ನು ಬೋರಲು ಹಾಕಿ, ಇಕ್ರಾಳ ಎರಡೂ ಕೆನ್ನೆ ಹಿಡಿದುಕೊಂಡರು.

"ಇಲ್ಲ ಬೇಟಾ. ಅದು ಸುಳ್ಳು ಬರ್ದಿದೆ. ಹೋದ್ ವರ್ಷ ವ್ಯಾನ್ ಬರುತ್ತೆ ಅಂತಾನೂ ಇದೇ ಬರ್ದಿತ್ತು. ನಾನು ನಂಬ್ಬಿಟ್ಟಿದ್ದೆ."

ಇಕ್ರಾ ಬಾಯಿ ಮುಚ್ಚಿಕೊಂಡು ಬೆಂಚಿನಿಂದ ಇಳಿದು, ಮುಂದಿನ ಹುಡುಗಿಗೆ ಜಾಗ ಬಿಟ್ಟಳು.